ನೀರುನಾಯಿಯ ಮೈಯಲ್ಲಿ ಉಳಿದ ಹಿಮಯುಗ

ಕಳೆದ ಕಂತಿನಲ್ಲಿ ಒಂದು ಸಾಲು ಬರೆದಿದ್ದೆ. ಪೋರ್ಚುಗಲ್‌ನ ನದಿಯ ನೀರುನಾಯಿ ಮತ್ತು ಫಿನ್ಲೆಂಡ್‌ನ ಸರೋವರದ ನೀರುನಾಯಿ, ಇವೆರಡರ ತಾಯಿ ಕಡೆಯ ಡಿಎನ್‌ಎ ತೆಗೆದು ಪಕ್ಕಪಕ್ಕ ಇಟ್ಟರೆ ವ್ಯತ್ಯಾಸವೇ ಕಾಣದಿರಬಹುದು, ಅದಕ್ಕೆ ಹಿಮಯುಗವೂ ಒಂದು ಕಾರಣ ಅಂತ. ಅಷ್ಟು ಹೇಳಿ ಮುಂದಿನ ಪ್ರಶ್ನೆಗೆ ಹೋಗಿಬಿಟ್ಟೆ. ಅದು ಸಾಲಲಿಲ್ಲ. ಅದರ ಮೇಲೆಯೇ ಇಷ್ಟೊಂದು ಪತ್ರ ಬಂದಿವೆ, ಹಾಗಾಗಿ ಈ ಸಲದ ಅಂಕಣ ಪೂರ್ತಿ ನೀರುನಾಯಿಗೇ.

ಪ್ರಶ್ನೆ: ಹಿಮಯುಗ ಅಂದರೆ ಚಳಿ. ಚಳಿಗೆ ಪ್ರಾಣಿ ಸಾಯುತ್ತದೆ ಅಥವಾ ಬದುಕುತ್ತದೆ, ಅದು ಅರ್ಥವಾಗುತ್ತದೆ. ಡಿಎನ್‌ಎ ಹೇಗೆ ಕಡಿಮೆಯಾಗುತ್ತದೆ? ಚಳಿಯಿಂದ ಜೀನ್ ಹಾಳಾಗುತ್ತದಾ? (ಬಿಎಸ್‌ಸಿ ಓದುತ್ತಿರುವ ಓದುಗರು)

ಇಲ್ಲ, ಚಳಿ ಜೀನನ್ನು ಮುಟ್ಟುವುದಿಲ್ಲ. ಅದು ಮುಟ್ಟುವುದು ಪ್ರಾಣಿಗಳ ಸಂಖ್ಯೆಯನ್ನು. ಮಿಕ್ಕಿದ್ದೆಲ್ಲ ಅದರಿಂದ ಆಗುತ್ತದೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ಸುಮಾರು 25.8 ಲಕ್ಷ ವರ್ಷಗಳಿಂದ ಭೂಮಿಯ ಮೇಲೆ ಹಿಮ ಹಬ್ಬುವುದು, ಸರಿಯುವುದು, ಮತ್ತೆ ಹಬ್ಬುವುದು ನಡೆದೇ ಇದೆ. ಭೂಮಿಯ ಓರೆ, ಸೂರ್ಯನ ಸುತ್ತಲಿನ ಅದರ ದಾರಿ ಇವು ನಿಧಾನವಾಗಿ ಬದಲಾಗುತ್ತವೆ, ಅದಕ್ಕೆ ತಕ್ಕಂತೆ ಉತ್ತರದ ನೆಲಕ್ಕೆ ಬೀಳುವ ಬೇಸಿಗೆಯ ಬಿಸಿಲೂ ಹೆಚ್ಚುಕಡಿಮೆ ಆಗುತ್ತದೆ. ಸರ್ಬಿಯಾದ ಮಿಲುಟಿನ್ ಮಿಲಂಕೋವಿಚ್ ಇದನ್ನು ಲೆಕ್ಕ ಹಾಕಿ ತೋರಿಸಿದರು. ಮೊದಲು ಸುಮಾರು 41,000 ವರ್ಷಕ್ಕೊಮ್ಮೆ ಬರುತ್ತಿದ್ದ ಹಿಮದ ಸುತ್ತು ಈಚಿನ ಹತ್ತು ಲಕ್ಷ ವರ್ಷಗಳಲ್ಲಿ ಹೆಚ್ಚುಕಡಿಮೆ ಲಕ್ಷ ವರ್ಷಕ್ಕೊಮ್ಮೆ ಬರುತ್ತಿದೆ. ಕೊನೆಯ ಸಲ ಹಿಮ ತನ್ನ ತುತ್ತತುದಿಯಲ್ಲಿ ಇದ್ದದ್ದು ಸುಮಾರು 26,000ದಿಂದ 19,000 ವರ್ಷ ಹಿಂದೆ. ಆಗ ಸ್ಕ್ಯಾಂಡಿನೇವಿಯಾದ ಮೇಲೆ ಸುಮಾರು ಮೂರು ಕಿಲೋಮೀಟರ್ ದಪ್ಪದ ಹಿಮ ಕೂತಿತ್ತು. ಬ್ರಿಟನ್ನಿನ ಬಹುಭಾಗ, ಜರ್ಮನಿಯ ಉತ್ತರದ ಅಂಚು, ಪೋಲೆಂಡ್‌ನ ಉತ್ತರ ಎಲ್ಲ ಅದರ ಅಡಿಯಲ್ಲಿ. ಅದರ ಕೆಳಗಿನ ಪಟ್ಟಿಯಲ್ಲಿ ಹಿಮ ಇರಲಿಲ್ಲ, ಆದರೆ ನೆಲ ವರ್ಷವಿಡೀ ಹೆಪ್ಪುಗಟ್ಟಿರುತ್ತಿತ್ತು.

ಈಗ ನೀರುನಾಯಿಯನ್ನು ಅಲ್ಲಿ ಇಟ್ಟು ನೋಡಿ. ಯುರೋಪಿನ ತುಂಬ ಹರಡಿದ್ದ ಪ್ರಾಣಿ ದಕ್ಷಿಣದ ಒಂದೆರಡು ಮೂಲೆಗೆ ಸರಿದಿದೆ. ಉತ್ತರದವು ದಕ್ಷಿಣಕ್ಕೆ ಓಡಿ ಬಂದವು ಅಂದುಕೊಳ್ಳಬೇಡಿ. ಹೆಚ್ಚಿನವು ಇದ್ದಲ್ಲೇ ಮುಗಿದವು, ದಕ್ಷಿಣದಲ್ಲಿ ಮೊದಲೇ ಇದ್ದವು ಉಳಿದವು, ಅಷ್ಟೇ. ಉತ್ತರದಲ್ಲಿ ಮಾತ್ರ ಇದ್ದ ಜೀನಿನ ರೂಪಗಳು ಅಲ್ಲೇ ಹೋದವು.

ಉಳಿದ ಸಣ್ಣ ಗುಂಪಿನಲ್ಲಿ ಏನಾಗುತ್ತದೆ? ಮೈಟೋಕಾಂಡ್ರಿಯ ಅಂದರೆ ಜೀವಕೋಶದೊಳಗೆ ಶಕ್ತಿ ತಯಾರಿಸುವ ಪುಟ್ಟ ಭಾಗ, ಅದಕ್ಕೆ ತನ್ನದೇ ಡಿಎನ್‌ಎ ಇದೆ, ಅದು ಮರಿಗೆ ಬರುವುದು ತಾಯಿಯಿಂದ. ಒಂದು ತಾಯಿಗೆ ಬರೀ ಗಂಡು ಮರಿಗಳೇ ಹುಟ್ಟಿದವು ಅನ್ನಿ, ಆ ತಾಯಿಯ ಸಾಲು ಅಲ್ಲಿಗೆ ನಿಂತಿತು. ಅದು ಬಲವಾದ ತಾಯಿಯೇ ಆಗಿರಬಹುದು, ಮರಿಗಳೂ ಚೆನ್ನಾಗಿ ಬದುಕಿರಬಹುದು, ಆದರೂ ಸಾಲು ನಿಂತಿತು. ಸಾವಿರಾರು ತಾಯಂದಿರಿರುವ ಕಡೆ ಇದು ಲೆಕ್ಕಕ್ಕೆ ಬರುವುದಿಲ್ಲ, ಯಾಕೆಂದರೆ ಅದೇ ಸಾಲಿನ ಬೇರೆ ತಾಯಂದಿರು ಇರುತ್ತಾರೆ. ಮೂವತ್ತು ತಾಯಂದಿರಿರುವ ಕಡೆ ಪ್ರತಿ ತಲೆಮಾರಿಗೆ ಒಂದೊಂದೇ ಸಾಲು ಹೀಗೆ ಸುಮ್ನೆ ಕಳೆದುಹೋಗುತ್ತದೆ, ಕೊನೆಗೆ ಒಂದೋ ಎರಡೋ ಉಳಿಯುತ್ತವೆ. ಯಾರೂ ಆರಿಸಿದ್ದಲ್ಲ, ಬರೀ ಆಕಸ್ಮಿಕ.

ತಂದೆ ತಾಯಿ ಇಬ್ಬರಿಂದಲೂ ಬರುವ ಡಿಎನ್‌ಎಗೆ ಒಂದು ಸರಳ ಲೆಕ್ಕ ಇದೆ, ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಗುಂಪಿನಲ್ಲಿ ಮರಿ ಹಾಕುವ ಪ್ರಾಣಿಗಳು 10 ಇದ್ದರೆ ಒಂದು ತಲೆಮಾರಿಗೆ ಸುಮಾರು 5 ಶೇಕಡಾ ವೈವಿಧ್ಯ ಹೋಗುತ್ತದೆ. 50 ಇದ್ದರೆ 1 ಶೇಕಡಾ. 500 ಇದ್ದರೆ 0.1 ಶೇಕಡಾ. ಅಂದರೆ ಹತ್ತೇ ಪ್ರಾಣಿ ಉಳಿದರೂ, ಮುಂದಿನ ತಲೆಮಾರಿನಲ್ಲೇ ಸಂಖ್ಯೆ ಮೇಲೆದ್ದರೆ ಆ ವೈವಿಧ್ಯದ 95 ಶೇಕಡಾ ಕೈಯಲ್ಲೇ ಇರುತ್ತದೆ! ಆದರೆ 50 ಪ್ರಾಣಿಗಳ ಗುಂಪು 50 ಆಗಿಯೇ ನೂರು ತಲೆಮಾರು ಕಳೆದರೆ ಮೂರರಲ್ಲಿ ಎರಡು ಪಾಲಿನಷ್ಟು ಹೋಗಿಬಿಡುತ್ತದೆ. ಇಕ್ಕಟ್ಟು ಎಷ್ಟು ಕಿರಿದು ಅನ್ನುವುದರಷ್ಟೇ ಅದು ಎಷ್ಟು ಉದ್ದ ಅನ್ನುವುದೂ ಮುಖ್ಯ. ಹಿಮಯುಗದ ಇಕ್ಕಟ್ಟು ಸಾವಿರಾರು ವರ್ಷ ಉದ್ದ.

ಇಷ್ಟಕ್ಕೇ ಮುಗಿಯಲಿಲ್ಲ. ಹಿಮ ಕರಗಿದ ಮೇಲೆ ಖಾಲಿ ಬಿದ್ದ ಉತ್ತರಕ್ಕೆ ಮೊದಲು ಹೊರಟವು ಕೆಲವೇ ಪ್ರಾಣಿಗಳು, ಗುಂಪಿನ ತುದಿಯಲ್ಲಿ ಇದ್ದವು. ಹೊಸ ನದಿಗೆ ಹೋದವು, ಮರಿ ಹಾಕಿದವು, ಆ ಮರಿಗಳಲ್ಲಿ ಕೆಲವು ಇನ್ನೊಂದು ನದಿಗೆ. ಹಿಂದಿನಿಂದ ಬಂದವುಗಳಿಗೆ ಜಾಗ ಸಿಗಲಿಲ್ಲ, ಯಾಕೆಂದರೆ ನೀರುನಾಯಿ ತನ್ನ ದಂಡೆಯನ್ನು ಬಿಟ್ಟುಕೊಡುವ ಪ್ರಾಣಿ ಅಲ್ಲ. ಹೀಗೆ ಪ್ರತಿ ಹೆಜ್ಜೆಗೂ ಒಂದಿಷ್ಟು ವೈವಿಧ್ಯ ಹಿಂದೆ ಉಳಿಯುತ್ತದೆ.

ಕಳೆದದ್ದು ಮತ್ತೆ ಹುಟ್ಟಲಿಲ್ಲವಾ ಅಂತ ಕೇಳಬಹುದು. ಹುಟ್ಟುತ್ತದೆ, ಆದರೆ ಬಹಳ ನಿಧಾನ. ಹಿಮಯುಗ ಮುಗಿದು 11,700 ವರ್ಷ. ಒಂದು ತಲೆಮಾರಿಗೆ ಐದು ವರ್ಷ ಅಂದುಕೊಂಡರೂ 2,300ರಷ್ಟು ತಲೆಮಾರು ಆಯಿತು. ಡಿಎನ್‌ಎಯಲ್ಲಿ ಹೊಸ ಬದಲಾವಣೆಗಳು ಹುಟ್ಟಿ, ಉಳಿದು, ಹರಡುವುದಕ್ಕೆ ಇದು ತೀರಾ ಕಡಿಮೆ ಸಮಯ.

ಪ್ರಶ್ನೆ: ನೀರುನಾಯಿಗೆ ಅಷ್ಟು ದಟ್ಟ ತುಪ್ಪಳ ಇದೆ, ಈಗಲೂ ಸೈಬೀರಿಯಾದಲ್ಲಿ ಇದೆ. ಅಂಥ ಪ್ರಾಣಿಗೆ ಚಳಿ ಏನು ಮಾಡೀತು?

ಚಳಿ ಏನೂ ಮಾಡುವುದಿಲ್ಲ, ನೀವು ಹೇಳಿದ್ದು ಸರಿ. ತೊಂದರೆ ಊಟದ್ದು. ಯುರೇಷಿಯನ್ ನೀರುನಾಯಿಗೆ ದಿನಕ್ಕೆ ತನ್ನ ಮೈತೂಕದ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಮೀನು, ಕಪ್ಪೆ ಬೇಕು. ಸೀಲ್‌ಗಳ ಹಾಗೆ ಚರ್ಮದ ಕೆಳಗೆ ದಪ್ಪ ಕೊಬ್ಬಿನ ಪದರ ಇಲ್ಲ, ಕೂಡಿಟ್ಟು ತಿನ್ನುವ ಅಭ್ಯಾಸವೂ ಇಲ್ಲ. ಇಂದಿನ ಫಿನ್ಲೆಂಡ್‌ನಲ್ಲಿ ಚಳಿಗಾಲದಲ್ಲೂ ಅದು ಬದುಕುತ್ತದೆ, ಯಾಕೆಂದರೆ ರಭಸ ಇರುವ ಕಡೆ ನೀರು ಹೆಪ್ಪುಗಟ್ಟುವುದಿಲ್ಲ, ಅಲ್ಲಿ ಇಳಿದು ಮೀನು ಹಿಡಿಯುತ್ತದೆ. ವರ್ಷದ ಬಹುಪಾಲು ನದಿ ಮುಚ್ಚಿಹೋಗಿ ಮೀನೂ ಕಡಿಮೆಯಾದರೆ ತುಪ್ಪಳ ಎಷ್ಟು ದಟ್ಟ ಇದ್ದು ಏನು ಪ್ರಯೋಜನ?

ಪ್ರಶ್ನೆ: ಯುರೋಪಿನ ಕರಡಿ ಮುಂತಾದ ಪ್ರಾಣಿಗಳು ಹಿಮಯುಗದಲ್ಲಿ ಬೇರೆ ಬೇರೆ ಕಡೆ ಅಡಗಿ ಬದುಕಿ, ಇವತ್ತಿಗೂ ಬೇರೆ ಬೇರೆ ಗುಂಪುಗಳಾಗಿ ಕಾಣುತ್ತವೆ ಅಂತ ಓದಿದ್ದೇನೆ. ನೀರುನಾಯಿ ಯಾಕೆ ಹಾಗಿಲ್ಲ? (ಜೀವಶಾಸ್ತ್ರ ಕಲಿಸುವ ಮೇಡಂ)

ಮೇಡಂ, ಇದೇ ನನಗೂ ಬಹಳ ಇಷ್ಟದ ಪ್ರಶ್ನೆ.

ಓದುಗರೆಲ್ಲರಿಗಾಗಿ ಹಿನ್ನೆಲೆ ಹೇಳಿಬಿಡುತ್ತೇನೆ. ಇಂಗ್ಲೆಂಡಿನ ಗಾಡ್‌ಫ್ರಿ ಹೆವಿಟ್ ಅನ್ನುವ ವಿಜ್ಞಾನಿ 1990ರ ದಶಕದಿಂದ ಇದರ ಮೇಲೆ ಕೆಲಸ ಮಾಡಿದರು. ಯುರೋಪಿನ ದಕ್ಷಿಣದಲ್ಲಿ ಮೂರು ದೊಡ್ಡ ಆಸರೆ ತಾಣಗಳಿದ್ದವು: ಸ್ಪೇನ್ ಮತ್ತು ಪೋರ್ಚುಗಲ್ ಇರುವ ಐಬೀರಿಯ, ಇಟಲಿ, ಮತ್ತು ಬಾಲ್ಕನ್. ಹೆಡ್ಜ್‌ಹಾಗ್ ಅನ್ನುವ ಪುಟ್ಟ ಮುಳ್ಳಿನ ಪ್ರಾಣಿ (ಮುಳ್ಳುಹಂದಿ ಅಲ್ಲ, ಅದು ಬೇರೆ) ಮೂರೂ ಕಡೆ ಉಳಿಯಿತು. ಹಿಮ ಸರಿದ ಮೇಲೆ ಮೂರೂ ಕಡೆಯಿಂದ ಮೇಲಕ್ಕೆ ಬಂತು, ಇವತ್ತಿಗೂ ಅದರ ಡಿಎನ್‌ಎಯನ್ನು ನಕ್ಷೆಯ ಮೇಲೆ ಬರೆದರೆ ದಕ್ಷಿಣದಿಂದ ಉತ್ತರಕ್ಕೆ ಪಟ್ಟಿ ಪಟ್ಟಿಯಾಗಿ ಕಾಣುತ್ತದೆ. ಕಂದು ಕರಡಿಯದು ಬೇರೆ ರೀತಿ, ಪಶ್ಚಿಮದಿಂದ ಒಂದು, ಪೂರ್ವದಿಂದ ಇನ್ನೊಂದು. ದಕ್ಷಿಣದಲ್ಲಿ ವೈವಿಧ್ಯ ಜಾಸ್ತಿ, ಉತ್ತರಕ್ಕೆ ಹೋದಷ್ಟೂ ಕಡಿಮೆ ಅನ್ನುವುದು ಸಾಮಾನ್ಯ ಚಿತ್ರ.

ನೀರುನಾಯಿಯ ಮೇಲೂ ಇದೇ ಪಟ್ಟಿಗಳು ಕಾಣುತ್ತವೆ ಅಂತ ನೋಡಿದರೆ, ಕಾಣಲಿಲ್ಲ. ಯುರೋಪಿನ ಬಹುಪಾಲು ಕಡೆ ಮೈಟೋಕಾಂಡ್ರಿಯದ ಒಂದೇ ರೂಪ ಮತ್ತೆ ಮತ್ತೆ ಸಿಕ್ಕಿತು, ಉಳಿದ ರೂಪಗಳು ಸಿಕ್ಕರೂ ಅದರಿಂದ ಒಂದೋ ಎರಡೋ ಅಕ್ಷರ ಬೇರೆ. ಡೆನ್ಮಾರ್ಕಿನಲ್ಲಂತೂ ವ್ಯತ್ಯಾಸ ತೀರಾ ಕಡಿಮೆ.

ಇದಕ್ಕೆ ಹೆಚ್ಚು ಜನ ಒಪ್ಪುವ ವಿವರಣೆ: ನೀರುನಾಯಿ ಮೂರು ಕಡೆ ಉಳಿಯಲಿಲ್ಲ, ಉಳಿದರೂ ಮೂರರಿಂದಲೂ ಮೇಲೆ ಬರಲಿಲ್ಲ. ಒಂದೇ ಆಸರೆ ತಾಣದ ಸಂತತಿ ಇಡೀ ಖಂಡವನ್ನು ತುಂಬಿತು. ಇದು ನಂಬುವಂಥದ್ದೇ. ಹೆಡ್ಜ್‌ಹಾಗ್‌ಗೆ ಆಲ್ಪ್ಸ್ ಗೋಡೆ, ಪಿರಿನೀಸ್ ಗೋಡೆ. ನೀರುನಾಯಿಗೆ ಕಣಿವೆಯೇ ದಾರಿ. ಒಂದು ಗಂಡು ನೀರುನಾಯಿಯ ಓಡಾಟ ಹತ್ತಾರು ಕಿಲೋಮೀಟರ್ ನದಿ ಉದ್ದಕ್ಕೂ ಇರುತ್ತದೆ, ಕಡಲ ತೀರದಲ್ಲೂ ನಡೆದು ಈಜಿ ಹೋಗುತ್ತದೆ, ಒಂದು ನದಿಯ ತಲೆಯಿಂದ ಗುಡ್ಡ ದಾಟಿ ಇನ್ನೊಂದರ ತಲೆಗೆ ಇಳಿಯುತ್ತದೆ. ಅಂಥ ಪ್ರಾಣಿ ಮೊದಲು ಹೊರಟರೆ ಬೇರೆಯವಕ್ಕೆ ಜಾಗ ಉಳಿಯುವುದು ಕಷ್ಟ.

ಆದರೆ ಒಂದು ಎಚ್ಚರಿಕೆ ಹೇಳಲೇಬೇಕು. ಮೈಟೋಕಾಂಡ್ರಿಯ ಡಿಎನ್‌ಎಯ ಒಂದು ಸಣ್ಣ ತುಂಡು ಮಾತ್ರ, ಅದು ತಾಯಂದಿರ ಕತೆಯನ್ನಷ್ಟೇ ಹೇಳುತ್ತದೆ. ಆ ಸಾಲುಗಳು ಬೇಗ ಕಳೆಯುವುದರಿಂದ ಅಲ್ಲಿ ವೈವಿಧ್ಯ ಶೂನ್ಯ ಅಂತ ಕಂಡರೂ ಮಿಕ್ಕ ಡಿಎನ್‌ಎಯಲ್ಲಿ ಸಾಕಷ್ಟು ಉಳಿದಿರಬಹುದು. ನಿಜಕ್ಕೂ ಹಾಗೇ ಆಗಿದೆ. ಎರಡೂ ಕಡೆಯಿಂದ ಬರುವ ಡಿಎನ್‌ಎ ನೋಡಿದಾಗ ಯುರೋಪಿನ ನೀರುನಾಯಿಗಳಲ್ಲಿ ಗುಂಪುಗಳು ಸ್ಪಷ್ಟವಾಗಿ ಕಾಣುತ್ತವೆ. ದಕ್ಷಿಣ ಇಟಲಿಯ ಸಣ್ಣ ಗುಂಪು ಮಿಕ್ಕವಕ್ಕಿಂತ ಚೆನ್ನಾಗಿಯೇ ಬೇರೆ. ಆದರೆ ಈ ಗುಂಪುಗಳಲ್ಲಿ ಹಿಮ ಮಾಡಿದ್ದೆಷ್ಟು, ನಂತರ ಮನುಷ್ಯ ನದಿಗಳನ್ನು ಖಾಲಿ ಮಾಡಿ ಬೇರ್ಪಡಿಸಿದ್ದೆಷ್ಟು? ಹಿಮದ ಕತೆ ಮಾತ್ರ ಹೇಳಿ ನಿಲ್ಲಿಸುವವರನ್ನು ಕಂಡರೆ ನನಗೆ ಸಮಾಧಾನ ಆಗುವುದಿಲ್ಲ. ಕೆಳಗಿನ ಇನ್ನೊಂದು ಪ್ರಶ್ನೆಯಲ್ಲಿ ಇದಕ್ಕೆ ಬರುತ್ತೇನೆ.

ಪ್ರಶ್ನೆ: ಹಿಮ ಬಿದ್ದದ್ದು ಉತ್ತರದಲ್ಲಿ. ಹಿಮವೇ ಮುಟ್ಟದ ಬಿಸಿ ಪ್ರದೇಶದ ನೀರುನಾಯಿಗಳ ಕತೆ ಏನು?

ಹಿಮ ಮುಟ್ಟಲಿಲ್ಲ, ಆದರೆ ಅದರ ಪರಿಣಾಮ ಮುಟ್ಟಿತು. ಲೋಕದ ನೀರು ಅಷ್ಟೊಂದು ಹಿಮವಾಗಿ ನೆಲದ ಮೇಲೆ ಕೂತಾಗ ಕಡಲು ಇಳಿಯಲೇಬೇಕಲ್ಲವಾ? ಕೊನೆಯ ಹಿಮಯುಗದ ತುದಿಯಲ್ಲಿ ಕಡಲ ಮಟ್ಟ ಈಗಿನದಕ್ಕಿಂತ 120 ಮೀಟರಿಗೂ ಕೆಳಗೆ ಇತ್ತು.

ಇದರ ಫಲ ಆಗ್ನೇಯ ಏಷ್ಯಾದಲ್ಲಿ ನೋಡಿ. ಮಲಯ ಪರ್ಯಾಯ ದ್ವೀಪ, ಸುಮಾತ್ರಾ, ಜಾವಾ, ಬೋರ್ನಿಯೊ ಎಲ್ಲ ಆಗ ಒಂದೇ ನೆಲ. ಅದಕ್ಕೆ ಸುಂಡಾಲ್ಯಾಂಡ್ ಅನ್ನುತ್ತಾರೆ. ಈಗ ಕಡಲಿನ ತಳ ಆಗಿರುವ ಜಾಗದಲ್ಲಿ ದೊಡ್ಡ ದೊಡ್ಡ ನದಿಗಳು ಹರಿಯುತ್ತಿದ್ದವು. ಕಡಲು ಏರಿದ ಮೇಲೆ ಅವು ಮುಳುಗಿದವು, ನೆಲ ದ್ವೀಪಗಳಾಗಿ ಒಡೆಯಿತು. ಚಿಕ್ಕ ಉಗುರಿನ ನೀರುನಾಯಿ ಇವತ್ತು ಸುಮಾತ್ರಾ, ಜಾವಾ, ಬೋರ್ನಿಯೊ ಮೂರರಲ್ಲೂ ಇದೆ. ಆ ಪುಟ್ಟ ಪ್ರಾಣಿ ತೆರೆದ ಕಡಲನ್ನು ಈಜಿ ದಾಟಿತು ಅಂತ ಊಹಿಸುವ ಅಗತ್ಯವೇ ಇಲ್ಲ, ನದಿ ಹಿಡಿದು ನಡೆದು ಹೋಗುವಷ್ಟು ನೆಲ ಅಲ್ಲಿ ಇತ್ತು. ಯುರೋಪಿನಲ್ಲಿ ದಾರಿ ಮುಚ್ಚಿದ ಅದೇ ಹಿಮಯುಗ ಇಲ್ಲಿ ದಾರಿ ತೆರೆಯಿತು, ಹಿಮ ಕರಗಿದ ಮೇಲೆ ಯುರೋಪಿನಲ್ಲಿ ದಾರಿ ತೆರೆಯಿತು, ಇಲ್ಲಿ ಮುಚ್ಚಿತು.

ಜಪಾನಿನ ಕತೆ ನನ್ನ ಮನಸ್ಸಿಗೆ ತುಂಬಾ ಹತ್ತಿರ. ಅಲ್ಲಿನ ನೀರುನಾಯಿಯನ್ನು ಕೊನೆಯದಾಗಿ ಖಚಿತವಾಗಿ ಕಂಡದ್ದು 1979ರಲ್ಲಿ, ಶಿಕೊಕು ದ್ವೀಪದ ಕೋಚಿ ಪ್ರಾಂತ್ಯದಲ್ಲಿ. 2012ರಲ್ಲಿ ಸರ್ಕಾರ ಅದು ಅಳಿದಿದೆ ಅಂತ ಘೋಷಿಸಿತು. ಅದರ ನಂತರ ಸಂಗ್ರಹಾಲಯಗಳಲ್ಲಿ ಉಳಿದಿದ್ದ ಹಳೆಯ ಚರ್ಮ, ಮೂಳೆಗಳಿಂದ ಡಿಎನ್‌ಎ ತೆಗೆದು ನೋಡಿದರು. ಒಂದು ಮಾದರಿ ಏಷ್ಯಾ ಖಂಡದ ನೀರುನಾಯಿಗೆ ಹತ್ತಿರ ಇತ್ತು. ಕೋಚಿಯ ಮಾದರಿ ಮಾತ್ರ ಹತ್ತು ಲಕ್ಷ ವರ್ಷಕ್ಕೂ ಹಿಂದೆಯೇ ಬೇರ್ಪಟ್ಟ ಸಾಲಿನದು. ಕೊರಿಯಾ ಮತ್ತು ಜಪಾನಿನ ನಡುವಿನ ಜಲಸಂಧಿ ಹಿಮಯುಗದಿಂದ ಹಿಮಯುಗಕ್ಕೆ ಕಿರಿದಾಗುತ್ತಾ ಅಗಲವಾಗುತ್ತಾ ಇತ್ತಲ್ಲ, ಹಾಗಾಗಿ ಒಂದಕ್ಕಿಂತ ಹೆಚ್ಚು ಸಲ ನೀರುನಾಯಿಗಳು ಅಲ್ಲಿಗೆ ಹೋಗಿ ಸಿಕ್ಕಿಕೊಂಡಿರಬೇಕು ಅನ್ನಿಸುತ್ತದೆ. ಅಷ್ಟು ಹಿಮಯುಗಗಳನ್ನು ದಾಟಿ ಬಂದ ಸಾಲು ತುಪ್ಪಳದ ಬೇಟೆಗೆ, ಕೊಳಕಾದ ನದಿಗೆ ಸಿಕ್ಕಿ ನೂರು ವರ್ಷದೊಳಗೆ ಮುಗಿಯಿತು. ಅದು ಬೇರೆಯೇ ಸಾಲು ಅಂತ ಗೊತ್ತಾಗುವ ಹೊತ್ತಿಗೆ ಒಂದೂ ಉಳಿದಿರಲಿಲ್ಲ.

ದಕ್ಷಿಣ ಅಮೆರಿಕದ ದೈತ್ಯ ನೀರುನಾಯಿಗೆ ಬರೋಣ. ಮೂತಿಯಿಂದ ಬಾಲದ ತುದಿಗೆ 1.7 ಮೀಟರಿನಷ್ಟು ಉದ್ದ, ಕುಟುಂಬವಾಗಿ ಬದುಕುವ ಪ್ರಾಣಿ. ಇಲ್ಲಿ ಡಿಎನ್‌ಎ ಯುರೋಪಿಗೆ ತೀರಾ ವಿರುದ್ಧ ಚಿತ್ರ ಕೊಡುತ್ತದೆ. ಪಂಟನಾಲ್ ಜೌಗಿನವು ಒಂದು ಗುಂಪು, ಪೆರುವಿನ ಮಾದ್ರೆ ದೆ ದಿಯೋಸ್ ಕಡೆಯವು ಇನ್ನೊಂದು, ಅಮೆಜಾನ್ ಮತ್ತು ಗಯಾನಾ ಕಡೆಯವು ಮತ್ತೊಂದು, ಹೀಗೆ ನಾಲ್ಕು ಗುಂಪು ಗುರುತಿಸಿದ್ದಾರೆ. ಇವು ಬೇರ್ಪಟ್ಟದ್ದು ಹಿಮಯುಗಗಳು ಬಂದು ಹೋಗುತ್ತಿದ್ದ ಕಾಲದಲ್ಲೇ. ಅಲ್ಲಿ ಯಾರನ್ನೂ ಮೂಲೆಗೆ ತಳ್ಳುವ ಹಿಮ ಇರಲಿಲ್ಲ, ಹಾಗಾಗಿ ಹಳೆಯ ಗುಂಪುಗಳು ಅವುಗಳ ನದಿಯಲ್ಲೇ ಉಳಿದವು, ಪ್ರತಿಯೊಂದೂ ತನ್ನದೇ ದಾರಿ ಹಿಡಿಯಿತು. ಒಟ್ಟು ವೈವಿಧ್ಯ ಗುಂಪು ಗುಂಪುಗಳ ನಡುವೆ ಹಂಚಿಹೋಗಿದೆ. ಒಂದು ಗುಂಪನ್ನು ಕಳೆದುಕೊಂಡರೆ ಇನ್ನೊಂದು ಅದರ ಜಾಗ ತುಂಬಲಾರದು.

ಉತ್ತರ ಅಮೆರಿಕದ ನದಿಯ ನೀರುನಾಯಿ ಬಗ್ಗೆ ಒಂದೇ ಮಾತು: ಇವತ್ತು ಅದು ಇರುವ ಕೆನಡಾದ ಹೆಚ್ಚುಕಡಿಮೆ ಎಲ್ಲ ನೆಲವೂ 20,000 ವರ್ಷ ಹಿಂದೆ ಹಿಮದ ಕೆಳಗೆ ಇತ್ತು. ಹಾಗಾಗಿ ಕೆನಡಾದ ನೀರುನಾಯಿಗಳೆಲ್ಲ ಆಮೇಲೆ ಬಂದವುಗಳ ಮಕ್ಕಳು, ಮೊಮ್ಮಕ್ಕಳು.

ಪ್ರಶ್ನೆ: ಸಮುದ್ರದ ನೀರುನಾಯಿಯನ್ನು ಮನುಷ್ಯರೇ ತುಪ್ಪಳಕ್ಕಾಗಿ ಕೊಂದು ಮುಗಿಸಿದ್ದು ಎಲ್ಲರಿಗೂ ಗೊತ್ತು. ಅದರ ತಪ್ಪನ್ನೂ ಹಿಮಯುಗದ ತಲೆಗೆ ಕಟ್ಟುತ್ತಿದ್ದೀರಾ?

ಖಂಡಿತ ಇಲ್ಲ, ಮತ್ತು ನೀವು ಇಷ್ಟು ನೇರವಾಗಿ ಕೇಳಿದ್ದು ಒಳ್ಳೆಯದಾಯಿತು. ಎರಡನ್ನೂ ಬೇರೆ ಮಾಡಿ ನೋಡದಿದ್ದರೆ ಹಿಮಯುಗ ಮನುಷ್ಯನಿಗೆ ಒಂದು ಅನುಕೂಲದ ನೆಪ ಆಗಿಬಿಡುತ್ತದೆ.

1741ರಲ್ಲಿ ವಿಟಸ್ ಬೇರಿಂಗ್‌ನ ಹಡಗು ಉತ್ತರ ಪೆಸಿಫಿಕ್‌ನ ಒಂದು ದ್ವೀಪದಲ್ಲಿ ಒಡೆಯಿತು. ಬದುಕಿ ಮರಳಿದವರು ಸಮುದ್ರದ ನೀರುನಾಯಿಯ ಚರ್ಮಗಳನ್ನು ತಂದರು. ಪ್ರಾಣಿಗಳಲ್ಲೇ ಅತಿ ದಟ್ಟ ತುಪ್ಪಳ ಅದರದ್ದು, ಬೆಲೆ ಬಂತು, ಬೇಟೆ ಶುರುವಾಯಿತು. 1911ರಲ್ಲಿ ಅಮೆರಿಕ, ರಷ್ಯಾ, ಜಪಾನ್, ಬ್ರಿಟನ್ ಸೇರಿ ಒಪ್ಪಂದ ಮಾಡಿಕೊಳ್ಳುವ ಹೊತ್ತಿಗೆ, ಜಪಾನಿನಿಂದ ಮೆಕ್ಸಿಕೊವರೆಗೆ ಲಕ್ಷಗಟ್ಟಲೆ ಇದ್ದ ಪ್ರಾಣಿ 13 ಚೂರು ಗುಂಪುಗಳಲ್ಲಿ ಒಟ್ಟು ಒಂದೆರಡು ಸಾವಿರ ಉಳಿದಿತ್ತು. ಕ್ಯಾಲಿಫೋರ್ನಿಯಾದಲ್ಲಿ ಪೂರ್ತಿ ಹೋಯಿತು ಅಂತಲೇ ಬಹಳ ಜನ ಅಂದುಕೊಂಡಿದ್ದರು, 1938ರಲ್ಲಿ ಬಿಗ್ ಸರ್ ತೀರದಲ್ಲಿ ಸುಮಾರು ಐವತ್ತರ ಒಂದು ಗುಂಪು ಜನರ ಕಣ್ಣಿಗೆ ಬಿತ್ತು. ಇವತ್ತು ಕ್ಯಾಲಿಫೋರ್ನಿಯಾದಲ್ಲಿ ಇರುವವೆಲ್ಲ ಅಂಥ ಒಂದು ಹಿಡಿಯಷ್ಟು ಪ್ರಾಣಿಗಳ ಸಂತತಿ.

ಹಾಗಾದರೆ ಹಿಮದ ಪಾಲು, ಬೇಟೆಯ ಪಾಲು ಬೇರೆ ಮಾಡುವುದು ಹೇಗೆ? ಎರಡು ದಾರಿ ಇವೆ.

ಒಂದು, ಹಳೆಯ ಮೂಳೆ. ಅಮೆರಿಕದ ವಾಷಿಂಗ್ಟನ್ ತೀರದಲ್ಲಿ ಮೂಲನಿವಾಸಿಗಳು ಶತಮಾನಗಳ ಕಾಲ ಬಿಸಾಡಿದ ಚಿಪ್ಪು, ಮೂಳೆಗಳ ತಿಪ್ಪೆಗಳಿವೆ. ಅದರಲ್ಲಿ ತುಪ್ಪಳದ ವ್ಯಾಪಾರಕ್ಕೂ ಮುಂಚಿನ ನೀರುನಾಯಿ ಮೂಳೆಗಳು ಸಿಕ್ಕಿವೆ. ಅವುಗಳ ಡಿಎನ್‌ಎ ನೋಡಿದರೆ ಆಗಿನ ವೈವಿಧ್ಯ ಈಗಿನದಕ್ಕಿಂತ ಎಷ್ಟೋ ಜಾಸ್ತಿ. ಹಿಮಯುಗ ಮುಗಿದು ಸಾವಿರಾರು ವರ್ಷ ಆದ ಮೇಲೂ ಅಷ್ಟು ಇತ್ತು ಅಂದರೆ, ಆ ಅಂತರ ಬೇಟೆಯದ್ದೇ.

ಎರಡನೆಯದು ಈಗಿನ ಪ್ರಾಣಿಯ ಡಿಎನ್‌ಎಯಲ್ಲೇ ಇದೆ, ಇದು ನಿಜಕ್ಕೂ ಚೆಂದದ ಉಪಾಯ. ಹತ್ತಿರದ ಸಂಬಂಧಿಗಳಿಗೆ ಹುಟ್ಟಿದ ಮರಿಯಲ್ಲಿ ತಂದೆಯಿಂದ ಬಂದ ತುಂಡು ಮತ್ತು ತಾಯಿಯಿಂದ ಬಂದ ತುಂಡು ಉದ್ದಕ್ಕೂ ಒಂದೇ ಥರ ಇರುತ್ತವೆ. ಪ್ರತಿ ತಲೆಮಾರಿನಲ್ಲೂ ಡಿಎನ್‌ಎ ಕತ್ತರಿಸಿ ಬೆರೆಯುತ್ತದೆ, ಹಾಗಾಗಿ ಈ ಒಂದೇ ಥರದ ಉದ್ದುದ್ದ ತುಂಡುಗಳು ಕಾಲ ಕಳೆದಂತೆ ಚೂರಾಗುತ್ತವೆ. ಉದ್ದದ ತುಂಡುಗಳು ಸಿಕ್ಕರೆ ಇಕ್ಕಟ್ಟು ಈಚಿನದು. ಬರೀ ಚಿಕ್ಕ ಚಿಕ್ಕ ಚೂರು ಸಿಕ್ಕರೆ ಅದು ಹಳೆಯದು. 2011ರಲ್ಲಿ ಹೆಂಗ್ ಲಿ ಮತ್ತು ರಿಚರ್ಡ್ ಡರ್ಬಿನ್ ಇದಕ್ಕೆ ಹತ್ತಿರದ ಯೋಚನೆಯಿಂದಲೇ, ಒಂದೇ ಒಂದು ಪ್ರಾಣಿಯ ಪೂರ್ತಿ ಡಿಎನ್‌ಎ ಇಟ್ಟುಕೊಂಡು ಅದರ ಪೂರ್ವಜರ ಸಂಖ್ಯೆ ಯಾವ ಕಾಲದಲ್ಲಿ ಎಷ್ಟಿತ್ತು ಅಂತ ಅಂದಾಜು ಮಾಡುವ ವಿಧಾನ ಕೊಟ್ಟರು. ತೀರಾ ಈಚಿನ ಕಾಲಕ್ಕೆ ಅದು ಮಂಕು, ಆದರೆ ಹತ್ತಾರು ಸಾವಿರ, ಲಕ್ಷ ವರ್ಷದ ಹಿಂದಿನದಕ್ಕೆ ಒಳ್ಳೆಯ ಕನ್ನಡಿ.

2019ರಲ್ಲಿ ಸಮುದ್ರದ ನೀರುನಾಯಿ ಮತ್ತು ದೈತ್ಯ ನೀರುನಾಯಿ ಎರಡರ ಪೂರ್ತಿ ಡಿಎನ್‌ಎಯನ್ನೂ ಹೀಗೆ ಓದಿದರು. ಎರಡರಲ್ಲೂ ವೈವಿಧ್ಯ ಬಹಳ ಕಡಿಮೆ ಇತ್ತು. ಮನುಷ್ಯ ಬಂದೂಕು ಹಿಡಿಯುವುದಕ್ಕೆ ಬಹಳ ಮುಂಚಿನಿಂದಲೇ ಎರಡರ ಸಂಖ್ಯೆಯೂ ಇಳಿಯುತ್ತಾ ಬಂದಿತ್ತು ಅಂತ ಕಂಡಿತು. ಬೇಟೆ ಅದರ ಮೇಲೆ ಬಿದ್ದ ಎರಡನೆಯ ಪೆಟ್ಟು. ಮೊದಲ ಉತ್ತರದಲ್ಲಿ ಹೇಳಿದ ಲೆಕ್ಕ ಈಗ ನೆನಪು ಮಾಡಿಕೊಳ್ಳಿ. ನಿಧಾನದ ಇಕ್ಕಟ್ಟು ವೈವಿಧ್ಯವನ್ನು ಸವೆಸುತ್ತದೆ. ಆದರೆ ಅದು ನಡೆಯುವಾಗ ಪ್ರಾಣಿಗೆ ಸಮಯ ಇರುತ್ತದೆ, ತೀರಾ ಕೆಟ್ಟ ಜೀನ್‌ಗಳೂ ಒಂದಿಷ್ಟು ಸೋಸಿ ಹೋಗುತ್ತವೆ. ಬೇಟೆಯ ಇಕ್ಕಟ್ಟಿನಲ್ಲಿ ಆ ಸಮಯವೇ ಇಲ್ಲ. ಅಪರೂಪದ ರೂಪಗಳು ಒಂದೇ ಏಟಿಗೆ ಹೋಗುತ್ತವೆ, ಕೆಟ್ಟವು ಅದೃಷ್ಟವಶಾತ್ ಉಳಿದರೆ ಎಲ್ಲರಿಗೂ ಹರಡುತ್ತವೆ.

ಡೆನ್ಮಾರ್ಕಿನಲ್ಲೂ ಸಂಗ್ರಹಾಲಯದ ಹಳೆಯ ನೀರುನಾಯಿಗಳನ್ನು ಈಗಿನವುಗಳ ಜೊತೆ ಹೋಲಿಸಿದಾಗ, ಕಳೆದ ನೂರು ವರ್ಷದ ನಷ್ಟ ಅಂದುಕೊಂಡದ್ದಕ್ಕಿಂತ ಕಡಿಮೆ, ಇಳಿಕೆ ಬಹಳ ಹಿಂದೆಯೇ ಶುರುವಾಗಿತ್ತು ಅಂತ ಕಂಡಿತು. ಅಲ್ಲಿ ಹಳೆಯ ಪಾಲು ದೊಡ್ಡದು. ಸಮುದ್ರದ ನೀರುನಾಯಿಯಲ್ಲಿ ಹೊಸ ಪಾಲು ದೊಡ್ಡದು. ಒಂದೇ ಉತ್ತರ ಎಲ್ಲದಕ್ಕೂ ಹೊಂದುವುದಿಲ್ಲ.

ಪ್ರಶ್ನೆ: ಅಷ್ಟು ನಾಚಿಕೆಯ ಪ್ರಾಣಿಯ ಡಿಎನ್‌ಎ ಹೇಗೆ ತೆಗೆಯುತ್ತಾರೆ? ಹಿಡಿದು ರಕ್ತ ತೆಗೆಯುತ್ತಾರಾ?

ಹಿಡಿಯುವುದು ಕಡಿಮೆ. ನೀರುನಾಯಿ ದಂಡೆಯ ಕಲ್ಲಿನ ಮೇಲೆ, ಸೇತುವೆಯ ಕೆಳಗೆ ಹಿಕ್ಕೆ ಹಾಕಿ ತನ್ನ ಜಾಗ ಗುರುತು ಮಾಡುತ್ತದೆ. ಹಿಕ್ಕೆಯ ಜೊತೆ ಅದರ ಕರುಳಿನ ಕೆಲವು ಜೀವಕೋಶಗಳೂ ಬರುತ್ತವೆ. ಬೆಳಿಗ್ಗೆ ಬೇಗ ಹೋಗಿ, ಹೊಸ ಹಿಕ್ಕೆ ಎತ್ತಿ, ತಣ್ಣಗೆ ಇಟ್ಟರೆ ಕೆಲಸ ಆಗುತ್ತದೆ. ಬಿಸಿಲಿಗೆ ಒಣಗಿದ್ದರಲ್ಲಿ ಡಿಎನ್‌ಎ ಬೇಗ ಹಾಳಾಗುತ್ತದೆ. ಪೂರ್ತಿ ಡಿಎನ್‌ಎ ಬೇಕಾದರೆ ಮಾಂಸದ ತುಂಡೇ ಒಳ್ಳೆಯದು, ಅದಕ್ಕೆ ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತವು ಉಪಯೋಗಕ್ಕೆ ಬರುತ್ತವೆ. ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದವರು 1990ರ ದಶಕದಿಂದ ಹೀಗೆ ಸತ್ತ ನೀರುನಾಯಿಗಳನ್ನು ಜನರಿಂದ ತರಿಸಿಕೊಂಡು ಅಧ್ಯಯನ ಮಾಡುತ್ತಿದ್ದಾರೆ.

ಪ್ರಶ್ನೆ: ವೈವಿಧ್ಯ ಇಷ್ಟು ಕಡಿಮೆ ಇದ್ದರೂ ನೀರುನಾಯಿ ಬದುಕಿದೆಯಲ್ಲ. ಅಂದಮೇಲೆ ಚಿಂತೆ ಯಾಕೆ? ಚಿಂತೆ ಇದ್ದರೆ ವೈವಿಧ್ಯ ಜಾಸ್ತಿ ಇರುವ ಕಡೆಯಿಂದ ತಂದು ಬಿಡಬಹುದಲ್ವಾ?

ಎರಡು ಪ್ರಶ್ನೆ ಒಟ್ಟಿಗೆ ಕೇಳಿದ್ದೀರಿ.

ಮೊದಲನೆಯದು. ಹೌದು, ಕಡಿಮೆ ವೈವಿಧ್ಯ ಅಂದರೆ ತಕ್ಷಣ ಸಾವು ಅಲ್ಲ. ಒಂದೆರಡು ಸಾವಿರಕ್ಕೆ ಇಳಿದಿದ್ದ ಸಮುದ್ರದ ನೀರುನಾಯಿ ಇವತ್ತು ಲಕ್ಷ ದಾಟಿದೆ. ಯುರೋಪಿನಲ್ಲಿ 1950ರ ದಶಕದಿಂದ ಡೀಲ್‌ಡ್ರಿನ್‌ನಂಥ ಕೀಟನಾಶಕಗಳಿಗೆ ಸಿಕ್ಕಿ ನದಿ ನದಿಯಲ್ಲೂ ಕಾಣೆಯಾದ ನೀರುನಾಯಿ, ಆ ವಿಷ ನಿಂತ ಮೇಲೆ ತಾನಾಗಿಯೇ ಮರಳಿ ಬಂತು, 2011ರ ಹೊತ್ತಿಗೆ ಇಂಗ್ಲೆಂಡಿನ ಎಲ್ಲ ಕೌಂಟಿಗಳಲ್ಲೂ ಕಂಡಿತು. ಆದರೆ ಹೊಸ ರೋಗ ಬಂದಾಗ, ನೀರು ಬಿಸಿಯಾದಾಗ, ತಿನ್ನುವ ಮೀನು ಬದಲಾದಾಗ ಬೇರೆ ಬೇರೆ ಜೀನ್ ರೂಪಗಳಿರುವ ಗುಂಪಿಗೆ ದಾರಿ ಹೆಚ್ಚು. ಇಲ್ಲದ ಗುಂಪಿನಲ್ಲಿ ಒಂದಕ್ಕೆ ಆಗದ್ದು ಬಹುಪಾಲು ಎಲ್ಲಕ್ಕೂ ಆಗದು. ಕ್ಯಾಲಿಫೋರ್ನಿಯಾದ ಸಮುದ್ರದ ನೀರುನಾಯಿಗಳು ಬೆಕ್ಕಿನಿಂದ ಹರಿದು ಬರುವ ಟಾಕ್ಸೊಪ್ಲಾಸ್ಮಾ ಅನ್ನುವ ಪರಾವಲಂಬಿಗೆ ಸಾಯುತ್ತಿರುವುದನ್ನು ನೋಡುವಾಗ ನನಗೆ ಈ ಚಿಂತೆ ಹೋಗುವುದಿಲ್ಲ.

ಎರಡನೆಯದಕ್ಕೆ ಮೂರು ಅನುಭವ ಹೇಳುತ್ತೇನೆ. 1960ರ ದಶಕದ ಕೊನೆಯಲ್ಲಿ ಅಲಾಸ್ಕಾದ ಬೇರೆ ಬೇರೆ ಕಡೆಯಿಂದ ಸಮುದ್ರದ ನೀರುನಾಯಿಗಳನ್ನು ಹಿಡಿದು, ಅವು ಅಳಿದುಹೋಗಿದ್ದ ಆಗ್ನೇಯ ಅಲಾಸ್ಕಾದ ತೀರಕ್ಕೆ ಬಿಟ್ಟರು. ಎರಡು ಮೂಲದವು ಬೆರೆತದ್ದರಿಂದ ಅಲ್ಲಿನ ವೈವಿಧ್ಯ ಚೆನ್ನಾಗಿಯೇ ಉಳಿಯಿತು. ಇದು ಫಲಿಸಿದ ಕತೆ.

ನೆದರ್ಲೆಂಡ್ಸ್‌ನಲ್ಲಿ 1980ರ ದಶಕದ ಕೊನೆಗೆ ನೀರುನಾಯಿ ಅಳಿಯಿತು. 2002ರಿಂದ ಬೇರೆ ದೇಶಗಳಿಂದ ತಂದು ಬಿಟ್ಟರು, ಸಂಖ್ಯೆ ಬೆಳೆಯಿತು. ಆದರೆ ಹಿಕ್ಕೆಯ ಡಿಎನ್‌ಎ ಹಿಡಿದು ಯಾರ ಮರಿ ಯಾವುದು ಅಂತ ನೋಡಿದರೆ, ಬೆರಳೆಣಿಕೆಯ ಬಲಿಷ್ಠ ಗಂಡುಗಳೇ ಹೆಚ್ಚಿನ ಮರಿಗಳ ತಂದೆ. ಲೆಕ್ಕಕ್ಕೆ ಹತ್ತಾರು, ಜೀನಿನ ಮಟ್ಟಿಗೆ ಕೆಲವೇ ಕೆಲವು.

ಮೂರನೆಯದು ಬ್ರಿಟನ್ನಿನದು. ಅಲ್ಲಿನ ಪೂರ್ವ ಇಂಗ್ಲೆಂಡಿನಲ್ಲಿ 1983ರಿಂದ ಸಾಕಿ ಬೆಳೆಸಿದ ನೀರುನಾಯಿಗಳನ್ನು ನದಿಗೆ ಬಿಟ್ಟಿದ್ದರು. 2023ರಲ್ಲಿ ಬ್ರಿಟನ್ನಿನ ನೀರುನಾಯಿಗಳ ಪೂರ್ತಿ ಡಿಎನ್‌ಎ ಓದಿದ ಅಧ್ಯಯನ ಬಂತು. ಆ ಕಡೆಯ ಕೆಲವು ಪ್ರಾಣಿಗಳ ಮೈಟೋಕಾಂಡ್ರಿಯ ಏಷ್ಯಾದ ಸಾಲಿನದು! ಸಾಕಣೆಯಲ್ಲಿ ಎಲ್ಲೋ ಏಷ್ಯಾದ ತಾಯಿ ಸೇರಿಕೊಂಡಿದ್ದಿರಬೇಕು ಅನ್ನುವುದೇ ಹೆಚ್ಚು ನಂಬುವಂಥ ವಿವರಣೆ. ಹಿಮಯುಗದ ಕಾಲದಿಂದ ಬೇರೆ ಬೇರೆ ಬದುಕಿದ ಸಾಲುಗಳು ಒಬ್ಬರಿಗೂ ಗೊತ್ತಾಗದೆ ಬೆರೆತುಹೋದವು. ಅದರಿಂದ ಒಳ್ಳೆಯದೇ ಆಗಿರಬಹುದು, ಕೆಟ್ಟದ್ದೂ ಆಗಿರಬಹುದು, ಆದರೆ ಬಿಡುವ ಮುಂಚೆ ಒಂದು ಡಿಎನ್‌ಎ ಪರೀಕ್ಷೆ ಮಾಡುವ ಅನುಕೂಲ ಆಗ ಇರಲಿಲ್ಲ. ಈಗ ಇದೆ, ಈಗಲೂ ಮಾಡದೆ ಬಿಟ್ಟರೆ ಅದು ತಪ್ಪು.

ನನ್ನ ಅಭಿಪ್ರಾಯ ಕೇಳಿದರೆ, ದೂರದಿಂದ ತರುವುದಕ್ಕೆ ಮೊದಲು ಪಕ್ಕದ ಗುಂಪಿಗೆ ದಾರಿ ಮಾಡಿಕೊಡಬೇಕು. ನೀರುನಾಯಿ ಹರಡುವುದು ತಾನಾಗಿಯೇ, ಹಿಮ ಕರಗಿದಾಗ ಇಡೀ ಯುರೋಪ್ ತುಂಬಿದ್ದು ಹಾಗೇ ಅಲ್ವಾ? ಈಗ ಅದನ್ನು ತಡೆಯುವುದು ರಸ್ತೆ. ನದಿ ತುಂಬಿ ಹರಿಯುವಾಗ ಸೇತುವೆಯ ಕೆಳಗಿನ ರಭಸಕ್ಕೆ ಇಳಿಯಲಾರದೆ ಅದು ಮೇಲೆ ಹತ್ತಿ ರಸ್ತೆ ದಾಟುತ್ತದೆ, ವಾಹನಕ್ಕೆ ಸಿಗುತ್ತದೆ. ಬ್ರಿಟನ್, ನೆದರ್ಲೆಂಡ್ಸ್ ಮುಂತಾದ ಕಡೆ ಸೇತುವೆಯ ಒಳಗೋಡೆಗೆ, ನೆರೆಯ ಮಟ್ಟಕ್ಕಿಂತ ಮೇಲೆ, ನಡೆಯುವಷ್ಟು ಅಗಲದ ಸಣ್ಣ ಕಟ್ಟೆ ಕೂರಿಸುತ್ತಾರೆ. ನೀರುನಾಯಿ ಅದರ ಮೇಲೆ ನಡೆದು ಆಚೆ ಹೋಗುತ್ತದೆ. ಕಟ್ಟೆಯ ಮೇಲೆ ಹೊಸ ಹಿಕ್ಕೆ ಕಂಡರೆ ದಾರಿ ಬಳಕೆಗೆ ಬಂತು ಅಂತ ಲೆಕ್ಕ, ಡಿಎನ್‌ಎ ಪರೀಕ್ಷೆಗೂ ಅದೇ ಆಗುತ್ತದೆ.